ಅಮಾಸೆಗೊಮ್ಮೆ ಕಾಣುವ ಫೈಲು

ಮನೆಯಲ್ಲಿ ಒಂದು ವಸ್ತುವಿಗೆ ಒಂದೇ ಜಾಗ ಇರಬೇಕು ಎಂಬುದು ಶರವಣಕುಮಾರನ ಸಿದ್ಧಾಂತ. ಕತ್ತರಿ ಒಂದೇ ಇದ್ದರೆ ಹುಡುಕಿದಾಗ ಸಿಗುತ್ತದೆ; ಎರಡಿದ್ದರೆ ಒಂದನ್ನು ನಂಬಿ ಇನ್ನೊಂದೂ ಕಳೆದುಹೋಗುತ್ತದೆ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಪ್ರಯೋಗಮುಖೇನ ಕಂಡುಕೊಂಡ ಸತ್ಯವಿದು. (ಹೆಂಡತಿ ಕಲೈವಾಣಿಗೂ ಈ ಸಿದ್ಧಾಂತ ಒಪ್ಪಿಗೆಯೇ. ಆ ಒಂದು ಜಾಗ ಯಾವುದು ಎಂಬಲ್ಲಿ ಮಾತ್ರ ತಕರಾರು.)

ಅವನು ಬಿ.ಎಸ್ಸಿ., ಭೌತಶಾಸ್ತ್ರ. ಓಮಲೂರಿನ ಕಡೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪ್ರಯೋಗಾಲಯದ ಸಹಾಯಕ. ಅವರದು ಮನೆಮಾತು ಕನ್ನಡವಾದ ನೇಕಾರರ ಮನೆತನ. ಸೇಲಂನ ಗುಗೈ ಬೀದಿಯ ಅವರ ಹಳೆಯ ಮನೆಯಲ್ಲಿ ಅಪ್ಪ ಪೊನ್ನುಸ್ವಾಮಿ ಇರುವ ತನಕ ಮೂರು ಮಗ್ಗ ಆಡುತ್ತಿದ್ದವು. ಈಗ ಆಡುವುದು ಒಂದು. ಅದರಲ್ಲಿ ಕೂರುವವಳು ಕಲೈವಾಣಿ. ಎರಡನೆಯದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದಾಯಿತು. ಮೂರನೆಯದು ಗುಂಡಿ ಮಗ್ಗ. ಅದರ ಮರ ಹೋಗಿ, ನೇಯುವವನು ಕಾಲು ಇಳಿಬಿಡುತ್ತಿದ್ದ ಗುಂಡಿ ಮಾತ್ರ ಉಳಿದು, ಅದಕ್ಕೊಂದು ಹಲಗೆ ಮುಚ್ಚಿದ್ದರು. ಒಂದು ಕಾಲಕ್ಕೆ ಮಾತು ಕೇಳದಷ್ಟು ಸದ್ದಿದ್ದ ಮನೆ ಅದು. ಈಗ ಎಲ್ಲರ ಮಾತೂ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಸಂಸಾರಕ್ಕೆ ಇದರಿಂದ ಒಳ್ಳೆಯದಾಯಿತೆಂದು ಹೇಳುವ ಹಾಗಿಲ್ಲ.

ಆ ಮನೆಯಲ್ಲಿ ಫೋಟೋಗಳೆಲ್ಲ ಅವನ ಕಂಪ್ಯೂಟರಿನಲ್ಲಿ ಅಷ್ಟು, ಮಗಳ ಲ್ಯಾಪ್‌ಟಾಪಿನಲ್ಲಿ ಇಷ್ಟು, ಮಸಾಲೆ ಡಬ್ಬಿಯ ಜೀರಿಗೆ ಖಾನೆಯಲ್ಲಿ ಪತ್ತೆಯಾದ ಪೆನ್‌ಡ್ರೈವಿನಲ್ಲಿ ಮತ್ತಷ್ಟು ಎಂಬಂತೆ ಚದುರಿಹೋಗಿದ್ದವು. ಶರವಣಕುಮಾರನ ವೈಜ್ಞಾನಿಕ ಮನಸ್ಸು ನೊಂದಿತು. ಅವನೊಂದು ಸರ್ವರ್ ತಂದ. ಟಿಫಿನ್ ಕ್ಯಾರಿಯರಿನ ಗಾತ್ರದ ಕಪ್ಪು ಡಬ್ಬಿ. ತಂಪಾಗಿರಲೆಂದು ಅದನ್ನು ಮಗ್ಗದ ಕೋಣೆಯಲ್ಲಿ, ಗುಂಡಿಯ ಪಕ್ಕದ ಸ್ಟೂಲಿನ ಮೇಲೆ ಪ್ರತಿಷ್ಠಾಪಿಸಿದ.

"ಇದರೊಳಗೆ ಎರಡು ಡಿಸ್ಕ್ ಅವೆ ಕಣಮ್ಮಾ," ಎಂದು ತಾಯಿ ಕಾಳಿಯಮ್ಮನಿಗೆ ವಿವರಿಸಿದ. "ಒಂದ್ರಲ್ಲಿ ಬರ್ದಿದ್ದು ಇನ್ನೊಂದ್ರಲ್ಲೂ ಬರ್ಕತದೆ. ಒಂದು ಸತ್ರೂ ಇನ್ನೊಂದು ಕೆಲಸ ನಿಲ್ಲಿಸಾದಿಲ್ಲ."

"ನಿಮ್ಮಪ್ಪ ತೀರ್ಕಂಡ್ಮೇಲೆ ನಾನಿಲ್ವಾ, ಅಂಗೆ," ಎಂದಳು ಕಾಳಿಯಮ್ಮ.

ಅವನು ಬಗ್ಗಿ ಡಬ್ಬಿಯ ಪ್ಲಗ್ಗು ಸಿಕ್ಕಿಸಿದ.

ಕಂಪ್ಯೂಟರು, ಲ್ಯಾಪ್‌ಟಾಪು ಎರಡರಲ್ಲೂ ಇದ್ದದ್ದು ಲಿನಕ್ಸ್. ಲ್ಯಾಪ್‌ಟಾಪು ಮಗಳು ಜೀವಿತಾಗೆ ಶಾಲೆಯಲ್ಲಿದ್ದಾಗ ಸರ್ಕಾರ ಕೊಟ್ಟದ್ದು. ಅವಳು ಕೊಯಮತ್ತೂರಿಗೆ ಓದಲು ಹೋದ ಮೇಲೆ ತಾಯಿಯ ಪಾಲಿಗೆ ಬಂದಿತ್ತು. ಎರಡರಲ್ಲೂ 'ನಮ್ಮನೆ' ಎಂಬ ಫೋಲ್ಡರ್ ಮಾಡಿ, ಅದನ್ನು ತಂತಿಯ ಮೂಲಕ ಡಬ್ಬಿಗೆ ಜೋಡಿಸಿದ. ಯಾವ ಯಂತ್ರದಲ್ಲಿ ತೆರೆದರೂ 'ನಮ್ಮನೆ'ಯಲ್ಲಿ ಕಾಣುವುದು ಡಬ್ಬಿಯೊಳಗಿನ ಸಾಮಾನೇ. ಈ ವ್ಯವಸ್ಥೆ ಮನುಷ್ಯರನ್ನು ಹೆಸರಿನಿಂದ ಗುರುತಿಸುವುದಿಲ್ಲ, ನಂಬರಿನಿಂದ ಗುರುತಿಸುತ್ತದೆ. ಅವನ ಕಂಪ್ಯೂಟರಿನಲ್ಲಿ ಅವನ ನಂಬರು ಸಾವಿರ, ಅವಳ ಲ್ಯಾಪ್‌ಟಾಪಿನಲ್ಲಿ ಅವಳದೂ ಸಾವಿರ. ಹೀಗಾಗಿ ಡಬ್ಬಿಯ ದೃಷ್ಟಿಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಜೀವ. (ಮದುವೆಯ ಮಂತ್ರವನ್ನು ಅಕ್ಷರಶಃ ನಂಬಿದ್ದು ಆ ಮನೆಯಲ್ಲಿ ಅದೊಂದೇ.)

"ಇನ್ಮೇಲೆ ಪೆನ್‌ಡ್ರೈವ್ ಯಾರೂ ಮುಟ್ಟಂಗಿಲ್ಲ. ಎಲ್ಲಾ 'ನಮ್ಮನೆ'ಯಲ್ಲೇ," ಎಂದು ಅವನು ಆಜ್ಞಾಪಿಸಿದ. ಪೆನ್‌ಡ್ರೈವನ್ನು ಖಾಲಿ ಮಾಡಿ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಕಲೈವಾಣಿ ವಾದ ಮಾಡಲಿಲ್ಲ. ಅವಳ ತಲೆಯಲ್ಲಿ ಆಗ ಬೇರೆಯದೇ ಒಂದು ವಿಷಯವಿತ್ತು.

ನೇಕಾರರ ಸಂಘದವರು ಹೊಸ ಸೀರೆ ಡಿಸೈನುಗಳನ್ನು ಕರೆದಿದ್ದರು. ಆಯ್ಕೆಯಾದ ಡಿಸೈನನ್ನು ಒಂದು ವರ್ಷ ನೇಯಿಸುತ್ತಾರೆ; ಪ್ರತಿ ಸೀರೆಯ ಚೀಟಿಯಲ್ಲಿ ಅದನ್ನು ಬರೆದವರ ಹೆಸರು ಇರುತ್ತದೆ. ಮದುವೆಯಾಗಿ ಬಂದಾಗಿನಿಂದ ಕಲೈವಾಣಿ ನೇಯ್ದದ್ದೆಲ್ಲ ಬೇರೆಯವರ ನವಿಲು, ಬೇರೆಯವರ ಮಾವಿನಕಾಯಿ. ಒಮ್ಮೆ ಏರ್ಕಾಡಿಗೆ ಹೋದಾಗ ಘಾಟಿಯ ಬಸ್ಸಿನಲ್ಲಿ ಪ್ರತಿ ತಿರುವಿಗೂ ವಾಂತಿ ಮಾಡಿಕೊಂಡು, ಮೇಲೆ ಇಳಿದು ಕಣ್ಣು ಬಿಟ್ಟಾಗ ಎದುರಿಗೆ ಕಂಡದ್ದು ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ರೆಂಬೆಯುದ್ದಕ್ಕೂ ಬೆಳ್ಳಗೆ ಅರಳಿದ ಕಾಫಿ ಹೂವು. ಅದನ್ನೇ ಅಂಚಿಗೂ ಸೆರಗಿಗೂ ತರಬೇಕೆಂದು ಅವಳು ಹೊರಟಳು. ಲ್ಯಾಪ್‌ಟಾಪಿನಲ್ಲಿ ಚೌಕ ಚೌಕವಾಗಿ ತುಂಬಿಸಿ ಮಾಡುವ ಕೆಲಸ. ಕಣ್ಣು ಹೋಗುವಂಥದ್ದು.

ವಾರದ ದಿನಗಳಲ್ಲಿ ಮಗ್ಗದಿಂದ ಏಳಲು ಆಗುತ್ತಿರಲಿಲ್ಲ. ಬಿಡುವು ಸಿಗುತ್ತಿದ್ದದ್ದು ಅಮಾವಾಸ್ಯೆಗೆ. ಆ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಇಡೀ ಬೀದಿಯೇ ಸದ್ದಿಲ್ಲದೆ ಮಲಗಿರುತ್ತದೆ. ಶರವಣಕುಮಾರ್ ಮೊದಲ ಬಸ್ಸಿಗೆ ಮೆಟ್ಟೂರಿಗೆ ಹೋಗಿ, ಕಾವೇರಿಯಲ್ಲಿ ಅಪ್ಪನಿಗೆ ತರ್ಪಣ ಬಿಟ್ಟು, ಅಲ್ಲಿಂದಲೇ ಪಾಲಿಟೆಕ್ನಿಕ್ಕಿಗೆ ಹೋಗಿ, ಸಂಜೆ ದೀಪ ಹಚ್ಚಿದ ಮೇಲೆ ಮನೆ ಸೇರುತ್ತಿದ್ದ. ಅಷ್ಟರಲ್ಲಿ ಕಲೈವಾಣಿ ಒಂದು ಗೇಣು ಬಳ್ಳಿ ಹಬ್ಬಿಸಿರುತ್ತಿದ್ದಳು. ಹೀಗೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಅರ್ಧ ವರ್ಷ ಬೆಳೆದು ಡಿಸೈನು ಮುಗಿಯಿತು.

ಕಳುಹಿಸಲು ಶುಕ್ರವಾರ ಕಡೆಯ ದಿನ. ಆ ವಾರ ಪಾಲಿಟೆಕ್ನಿಕ್ಕಿಗೆ ರಜೆ ಇದ್ದದ್ದರಿಂದ ಶರವಣಕುಮಾರ್ ಸೋಮವಾರವೇ ಸ್ನಾನ ಮಾಡಿ ಲ್ಯಾಪ್‌ಟಾಪ್ ಮುಂದೆ ಕೂತ. 'ನಮ್ಮನೆ' ತೆರೆದ. ಫೋಟೋಗಳಿದ್ದವು. ವಿದ್ಯುತ್ ಬಿಲ್ಲುಗಳಿದ್ದವು. ಮೆಣಸಿನ ಬಳ್ಳಿ ಇರಲಿಲ್ಲ.

"ವಾಣೀ, ಎಲ್ಲಿಟ್ಟಿದ್ದೀಯ?"

"ನೀವು ಯೇಳಿದ್ ಜಾಗದಲ್ಲೇ." ಮಗ್ಗದ ಸದ್ದು ನಿಲ್ಲಲಿಲ್ಲ.

"ಇಲ್ಲಿಲ್ವಲ್ಲಾ. ಸೇವ್ ಮಾಡಿದ್ಯಾ?"

ಸದ್ದು ನಿಂತಿತು. ಇದು ಗಂಡಸರು ಕೇಳಬಾರದ ಪ್ರಶ್ನೆಗಳಲ್ಲೊಂದು. 'ಉಪ್ಪು ಹಾಕಿದ್ಯಾ' ಎಂಬುದಕ್ಕಿಂತ ಒಂದು ಮೆಟ್ಟಿಲು ಮೇಲಿನದು.

"ಸೇವ್ ಮಾಡ್ದೆ ಇದ್ರೆ ಒಂದಮಾಸೆಯಿಂದ ಇನ್ನೊಂದಮಾಸೆಗೆ ಅದು ಎಂಗ್ರೀ ಬೆಳೀತು? ನೀರು ಉಯ್ದಿದ್ನಾ?" ಎನ್ನುತ್ತ ಅವಳು ಬಂದು ನೋಡಿದಳು. ಡಿಸೈನಿನ ಸಾಫ್ಟ್‌ವೇರ್ ತೆರೆದು ಹಳೆಯ ಹೆಸರು ಒತ್ತಿದಳು. 'ಅಂಥ ಫೈಲು ಇಲ್ಲ' ಎಂದಿತು. ಇನ್ನೊಮ್ಮೆ ಒತ್ತಿದಳು.

"ಓದ ಅಮಾಸೆ ದಿನ ನಾನೇ ನೋಡಿವ್ನಿ. ಪೂರ್ತಿ ಇತ್ತು."

"ಇರು, ಗಾಬರಿ ಬೀಳಬೇಡ. ಎಲ್ಲಕ್ಕೂ ಒಂದು ಕಾರಣ ಇರ್ತದೆ," ಎಂದ ಅವನು, ಪ್ರಯೋಗಾಲಯದಲ್ಲಿ ಸುಟ್ಟುಹೋದ ಮೀಟರನ್ನು ಕೈಗೆತ್ತಿಕೊಳ್ಳುವಾಗಿನ ಧ್ವನಿಯಲ್ಲಿ.

ಅವನ ಪದ್ಧತಿ ಶಾಸ್ತ್ರೀಯವಾಗಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ. ಫಲಿತಾಂಶ ನೋಡಿದ ಮೇಲೆ ಮುಂದಿನದು. ಕೇಬಲ್ ಬದಲಿಸಿದ. ರೂಟರಿನ ಉಸಿರು ನಿಲ್ಲಿಸಿ ಮತ್ತೆ ಬಿಟ್ಟ. ಲ್ಯಾಪ್‌ಟಾಪಿನಿಂದ ಡಬ್ಬಿಯನ್ನು ಕೂಗಿ ಕರೆದ, ಡಬ್ಬಿ ಓಗೊಟ್ಟಿತು. ಫೈರ್‌ವಾಲ್ ಎಂಬ ಬೇಲಿಯ ನಿಯಮಗಳನ್ನು ತೆಗೆದ. ಯಾರು ಓದಬಹುದು, ಯಾರು ಬರೆಯಬಹುದು ಎಂಬ ಅನುಮತಿಗಳನ್ನೆಲ್ಲ ತಿದ್ದಿದ. ಮಂಗಳವಾರ 'ನಮ್ಮನೆ'ಯ ಜೋಡಣೆಯನ್ನು ಬಿಚ್ಚಿ ಅದೇ ಉಸಿರಿನಲ್ಲಿ ಮತ್ತೆ ಕಟ್ಟಿದ. ಪ್ರತಿ ಸಲವೂ ಫೋಟೋಗಳು ಬಂದವು, ಬಿಲ್ಲುಗಳು ಬಂದವು. ತನ್ನ ಕಂಪ್ಯೂಟರಿನಿಂದ ನೇರವಾಗಿ ಡಬ್ಬಿಯ ಹೊಟ್ಟೆಯೊಳಗೇ ಇಳಿದು ತಡಕಿದ. ಬಳ್ಳಿಯ ಒಂದು ಎಲೆಯೂ ಇಲ್ಲ. ಅಳಿಸಿಹಾಕಿದ ಗುರುತೂ ಇಲ್ಲ. ಡಬ್ಬಿಯ ಪ್ರಕಾರ ಅಂಥ ಫೈಲು ಹುಟ್ಟೇ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತರು. ಹುಳಿಗೆ ಉಪ್ಪಿರಲಿಲ್ಲ. ಅವನು ಕೇಳಲಿಲ್ಲ.

ಮಾತು ತೆಗೆದವಳು ಕಾಳಿಯಮ್ಮ. "ಅಮಾಸೆ ದಿನ ಇತ್ತು ಅಂತಾಳೆ. ಬ್ಯಾರೆ ದಿನ ನೋಡಿದ್ಯೇನೆ ವಾಣೀ?"

"ಇಲ್ಲ ಅತ್ತೆ. ಬ್ಯಾರೆ ದಿನ ಎಲ್ಲಿ ಪುರ್ಸೊತ್ತು?"

"ಅಂಗಾರೆ ಅದು ಅಮಾಸೆಗೆ ಕಾಣಾ ಸಾಮಾನು. ಅಮಾಸೆ ಬರ್ಲಿ, ತಾನೇ ಬತ್ತದೆ. ಬಾನುವಾರಕ್ಕೆ ಐತಲ್ಲ."

ಶರವಣಕುಮಾರ್ ಎರಡು ದಿನದಲ್ಲಿ ಮೊದಲ ಬಾರಿಗೆ ನಕ್ಕ. ಅದು ಒಳ್ಳೆಯ ನಗೆಯಾಗಿರಲಿಲ್ಲ. "ಅಮ್ಮಾ, ಅದು ಫೈಲು ಕಣಮ್ಮಾ. ಚಂದ್ರನಿಗೂ ಅದಕ್ಕೂ ಏನು ಸಂಬಂಧ? ಎಲ್ಲರ ಮುಂದೆ ಯೇಳಬೇಡ, ನಾನು ಸೈನ್ಸ್ ಓದಿದವನು."

"ನೀನು ಓದಿದ್ದು ನಾವು ನೇಯ್ದ ಸೀರೆ ಮೇಲೆ ಕಣ್ಲಾ. ಅಮಾಸೆ ಬಿಟ್ಟು ಎಲ್ಲಾ ದಿನ ನೇಯ್ದಿದ್ದು."

"ಭಾನುವಾರ ಬಂದ್ರೆ ಏನುಪಯೋಗ ಅತ್ತೆ," ಎಂದಳು ಕಲೈವಾಣಿ ತಟ್ಟೆ ನೋಡುತ್ತ. "ಶುಕ್ರವಾರ ಮುಗೀತು."

ಆ ಸಂಜೆ ಅವನು ಜೀವಿತಾಗೆ ಫೋನ್ ಮಾಡಿದ. "ಅಪ್ಪಾ, ಅದು ಸ್ಕೂಲ್ ಲ್ಯಾಪ್‌ಟಾಪ್ ಪಾ, ಪಾವಂ, ವಯಸ್ಸಾಗೋಯ್ತು," ಎಂದಳು ಮಗಳು, ಕೊಯಮತ್ತೂರಿನಲ್ಲಿ ಅಂಟಿದ ಅರ್ಧ ತಮಿಳಿನಲ್ಲಿ. "ಒಳಗೆ ಎನ್ನೆನ್ನಮೋ ಕಸ ತುಂಬಿರ್ತದೆ. ಫಾರ್ಮ್ಯಾಟ್ ಪಣ್ಣಿ ಹೊಸದಾಗಿ ಹಾಕು, ಎಲ್ಲಾ ಸರಿಯಾಯಿಡುಂ."

ಫಾರ್ಮ್ಯಾಟ್ ಮಾಡುವುದೆಂದರೆ ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು. ಈ ಮಾತು ಅವನ ಮನಸ್ಸಿಗೆ ನಾಟಿತು. ಡಬ್ಬಿಯಲ್ಲಿ ದೋಷವಿಲ್ಲವೆಂದು ಸಾಬೀತಾಗಿದೆ. ತಂತಿಯಲ್ಲಿ ಇಲ್ಲ. ಉಳಿದದ್ದು ಲ್ಯಾಪ್‌ಟಾಪು, ಅದರ ಕಣ್ಣಿಗೆ ಪೊರೆ ಬಂದಿದೆ, ಇರುವುದನ್ನು ಕಾಣುತ್ತಿಲ್ಲ. (ಡಬ್ಬಿಯಲ್ಲೇ ಇಲ್ಲದ್ದು ಪೊರೆ ತೆಗೆದರೆ ಹೇಗೆ ಕಂಡೀತು ಎಂಬ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ. ಎರಡು ದಿನ ಹೆಂಡತಿಯ ಮುಖ ನೋಡಿದವನಿಗೆ ಏನನ್ನಾದರೂ ಮಾಡುವುದು ಮುಖ್ಯವಾಗಿತ್ತು.)

ಬುಧವಾರ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಕಣ್ಣಿಗೆ ಕಂಡದ್ದನ್ನೆಲ್ಲ, ಒಂದು ಚಿತ್ರವನ್ನೂ ಬಿಡದೆ, ಡಬ್ಬಿಗೆ ನಕಲು ಮಾಡಿದ. ಸರಿಯಾಗಿ ಬಂದಿದೆಯೇ ಎಂದು ತಾಳೆ ನೋಡಿದ. ಒಂದು ಸಣ್ಣ ವ್ಯತ್ಯಾಸ ಮಾತ್ರ ಸಿಕ್ಕಿತು: ಕಾಣುವ ಫೈಲುಗಳನ್ನೆಲ್ಲ ಕೂಡಿದರೂ ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಇನ್ನಷ್ಟು ಜಾಗ ತುಂಬಿರುವಂತೆ ತೋರಿಸುತ್ತಿತ್ತು. ಯಾರದ್ದೆಂದು ತಿಳಿಯದ, ಹೆಸರಿಲ್ಲದ ತೂಕ. 'ಇದೇ ಜೀವಿತಾ ಹೇಳಿದ ಕಸ' ಎಂದುಕೊಂಡ. ರೋಗ ಸಿಕ್ಕ ವೈದ್ಯನಂತೆ ಅವನಿಗೆ ಸಮಾಧಾನವಾಯಿತು.

"ಅಳಿಸ್ಲಾ?" ಎಂದು ಹೆಂಡತಿಯನ್ನು ಕೇಳಿದ. ಅವನು ಶಿಷ್ಟಾಚಾರ ತಪ್ಪುವವನಲ್ಲ.

"ಅಮಾಸೆ ಗಂಟ ಇರ್ಲಿ ಅಂತಾರಲ್ಲ ಅತ್ತೆ..."

"ವಾಣೀ, ನೀನೂನಾ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಿಮ್ಗೆ ಗೊತ್ತಿರ್ತದೆ. ಮಾಡಿ."

ಆ ನಂಬಿಕೆಯ ಮೇಲೆ ಅವನು ಗುಂಡಿ ಒತ್ತಿದ. ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪು ಆಗ ತಾನೇ ಹುಟ್ಟಿದ ಮಗುವಿನಂತೆ ಶುಭ್ರವಾಗಿತ್ತು. ಡಿಸೈನಿನ ಸಾಫ್ಟ್‌ವೇರನ್ನು ಮತ್ತೆ ಹಾಕಿ, ಹಿಂದಿದ್ದಂತೆಯೇ 'ನಮ್ಮನೆ' ಫೋಲ್ಡರ್ ಮಾಡಿ ಡಬ್ಬಿಗೆ ಜೋಡಿಸಿದ. ಫೋಟೋಗಳು ಬಂದವು, ಬಿಲ್ಲುಗಳು ಬಂದವು. ಬಳ್ಳಿ ಬರಲಿಲ್ಲ.

ಕಲೈವಾಣಿ ಅಳಲಿಲ್ಲ. ಹೋಗಿ ಮಗ್ಗದ ಮುಂದೆ ಕೂತಳು. ಲಾಳಿ ಕೈಯಲ್ಲಿ ಹಿಡಿದಿದ್ದಳು, ಎಸೆಯಲಿಲ್ಲ. ಅದನ್ನು ನೋಡಿ ಕಾಳಿಯಮ್ಮ ಎದ್ದಳು.

"ಅಮಾಸೆ ಬರಗಂಟ ಕಾಯಾಕಾಗ್ದಿದ್ರೆ ನಾವೇ ಅಮಾಸೆ ಮಾಡ್ಕಳಾಣ. ವಾಣೀ, ಏಳು ಮಗ್ಗದಿಂದ. ಶರವಣಾ, ಆ ಲ್ಯಾಪ್‌ಟಾಪ್ ಆಫ್ ಮಾಡಿ ಮುಚ್ಚಿಡು, ಅಮಾಸೆ ದಿನ ಅವಳು ಪೂಜೆ ಆದ್ಮೇಲೆ ತಾನೇ ತೆಗ್ಯಾದು? ನೀನು ಮೆಟ್ಟೂರಿಗೆ ಓಗು."

"ಮೆಟ್ಟೂರಿಗಾ? ಇವತ್ತಾ?"

"ಅಮಾಸೆ ದಿನ ನೀನು ಮನೇಲಿರಲ್ವಲ್ಲ. ಎಲ್ಲಾ ಅಂಗಂಗೇ ಆಗ್ಬೇಕು."

ಬೇರೆ ದಿನವಾಗಿದ್ದರೆ ಅವನು ಜಗಳವಾಡುತ್ತಿದ್ದ. ಆದರೆ ಸೋತು ಕೂತಿದ್ದ ವಿಜ್ಞಾನಿಗೆ ಈ ಮಾತಿನಲ್ಲೊಂದು ಆಕರ್ಷಣೆ ಕಂಡಿತು. ಎಲ್ಲ ಸ್ಥಿತಿಗಳನ್ನೂ ಹಾಗೆಯೇ ಇಟ್ಟು, ಚಂದ್ರನನ್ನು ಮಾತ್ರ ಹೊರಗಿಟ್ಟು ನೋಡುವುದು: ಇದಕ್ಕಿಂತ ಶುದ್ಧವಾದ ಪ್ರಯೋಗ ಯಾವುದಿದೆ? ಫೈಲು ಬಾರದಿದ್ದರೆ ಈ ಮನೆಯಿಂದ ಅಮಾವಾಸ್ಯೆಯ ಮಾತು ಶಾಶ್ವತವಾಗಿ ತೊಲಗುತ್ತದೆ. ಮೆಟ್ಟೂರಿನ ಬದಲು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತೇನೆಂದು ಚೌಕಾಸಿ ಮಾಡಿ ಒಪ್ಪಿಸಿದ.

ಕಾಳಿಯಮ್ಮ ಸೆರಗು ಸಿಕ್ಕಿಸಿಕೊಂಡು ಶುರು ಮಾಡಿದಳು. ಕೋಣೆ ಗುಡಿಸಿದಳು. ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು, ಚೌಡಮ್ಮನ ಹೆಸರು ಹೇಳಿ ಕರ್ಪೂರ ಬೆಳಗಿದಳು. ಆಮೇಲೆ ಸ್ಟೂಲಿನ ಹತ್ತಿರ ಬಂದು, ಮಿಣಮಿಣ ಎನ್ನುತ್ತಿದ್ದ ಡಬ್ಬಿಯ ನೆತ್ತಿಗೆ ಒಂದು ಬೊಟ್ಟು ಕುಂಕುಮ ಇಟ್ಟು, ಗೋಡೆಯ ಸ್ವಿಚ್ಚನ್ನು ಟಕ್ಕೆಂದು ಆರಿಸಿದಳು.

ಶರವಣಕುಮಾರ್ ಕುರ್ಚಿಯಿಂದ ಅರ್ಧ ಎದ್ದ. "ಅಮ್ಮಾ! ಅದ್ಯಾಕೆ ಆಫ್ ಮಾಡ್ದೆ?"

"ರಜೆ ಕಣಾ. ಮಗ್ಗದ್ ಕೋಣೇಲಿರಾದು, ಅಗ್ಲೂ ರಾತ್ರಿ ದುಡೀತದೆ. ಅಮಾಸೆಗೆ ಎಲ್ಲಾ ನಿಲ್ಲಬೇಕು. ನೀನು ಬಸ್ಸತ್ತಕ್ಕೆ ಓದ ತಕ್ಷಣ ಆಫ್ ಮಾಡ್ತೀನಿ, ದೀಪ ಹಚ್ಚಾಗ ಹಾಕ್ತೀನಿ."

"ಪ್ರತಿ ಅಮಾಸೆಗೂ?"

"ಮತ್ತೆ? ನಡೂಮಧ್ಯೆ ಬಿಟ್ರೆ ದೋಷ ಅಲ್ವಾ?"

ಆ ಕುಂಕುಮವನ್ನು ಅವನು ತಿಂಗಳು ತಿಂಗಳೂ ಕಂಡಿದ್ದ. ಆಯುಧಪೂಜೆಯದು ಉಳಿದಿರಬೇಕೆಂದು ಒರೆಸಿದ್ದ.

"ಈಗ ತೆಗಿ ವಾಣೀ," ಎಂದಳು ಕಾಳಿಯಮ್ಮ.

ಕಲೈವಾಣಿ ಕೈಮುಗಿದು ಲ್ಯಾಪ್‌ಟಾಪು ಹಾಕಿದಳು. 'ನಮ್ಮನೆ' ತೆರೆದಳು. ಖಾಲಿ. ಫೋಟೋ ಇಲ್ಲ, ಬಿಲ್ಲಿಲ್ಲ, ಏನೆಂದರೆ ಏನೂ ಇಲ್ಲ.

ಕಾಳಿಯಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಆಮೇಲೆ ಗೋಡೆಗೆ ಒರಗಿ ಕೂತಳು. "ಇಲ್ಲ ಕಣಪ್ಪಾ. ನೀನು ಯೇಳಿದ್ದೇ ಸರಿ," ಎಂದಳು. ಅವನ ನೆನಪಿನಲ್ಲಿ ಅವಳು ಈ ಮಾತು ಹೇಳಿದ್ದು ಇದೇ ಮೊದಲು.

ಅವನು ಗೆದ್ದಿದ್ದ. ಗೆದ್ದ ಆ ಕ್ಷಣದಲ್ಲೇ ಖಾಲಿ ಫೋಲ್ಡರನ್ನು ನೋಡುತ್ತ ಅವನಿಗೆ ಹೊಳೆಯಿತು. ಡಬ್ಬಿ ಆರಿದೆ, ಆದರೂ 'ನಮ್ಮನೆ' ತೆರೆಯುತ್ತದೆ. ಹಾಗಾದರೆ ಈಗ ತೆರೆದಿರುವುದು ಡಬ್ಬಿಯಲ್ಲ, ಲ್ಯಾಪ್‌ಟಾಪಿನದೇ ಸ್ವಂತ ಫೋಲ್ಡರು. ಡಬ್ಬಿ ಸಿಗದಿದ್ದರೆ ಗಲಾಟೆ ಮಾಡದೆ ಸುಮ್ಮನೆ ಶುರುವಾಗು ಎಂದು ಲ್ಯಾಪ್‌ಟಾಪಿಗೆ ಹೇಳಿಕೊಟ್ಟವನು ಅವನೇ. ಕೆಂಪು ಅಕ್ಷರ ಕಂಡರೆ ವಾಣಿ ಹೆದರುತ್ತಾಳೆಂದು. ಅವಳು ಕೂತದ್ದೆಲ್ಲ ಅಮಾವಾಸ್ಯೆಯ ದಿನ. ಡಬ್ಬಿ ಮಲಗಿದ್ದೂ ಅಮಾವಾಸ್ಯೆಯ ದಿನ. ಅರ್ಧ ವರ್ಷದ ಬಳ್ಳಿ ಬೆಳೆದದ್ದು ಲ್ಯಾಪ್‌ಟಾಪಿನೊಳಗೆ. ಮಾರನೆಯ ದಿನದಿಂದ ಡಬ್ಬಿಯ ಸಾಮಾನು ಬಂದು ಅದರ ಮೇಲೆ ಮುಚ್ಚಿಕೊಳ್ಳುತ್ತಿತ್ತು. ಮಂಗಳವಾರ ಜೋ‌ಡಣೆ ಬಿಚ್ಚಿ ಕಟ್ಟುವಾಗ ನಡುವೆ ಒಂದೇ ಒಂದು ಸಲ ಇಣುಕಿದ್ದರೆ ಸಾಕಿತ್ತು. ಆ ಹೆಸರಿಲ್ಲದ ತೂಕ, ಆ ಕಸ... ಅದು ಇವತ್ತು ಬೆಳಿಗ್ಗೆಯವರೆಗೂ ಅಲ್ಲೇ ಇತ್ತು.

"ಓಗ್ಲಿ ಬಿಡಿ," ಎಂದಳು ಕಲೈವಾಣಿ. ಅವನ ಬಿಳಿಚಿದ ಮುಖ ನೋಡಿ ಅವಳಿಗೆ ಕರುಣೆ ಬಂದಿತ್ತು. "ನಾನೇ ಎಲ್ಲೋ ಸೇವ್ ಮಾಡಾದ್ರಲ್ಲಿ ತಪ್ ಮಾಡಿರ್ಬೇಕು. ನೀವಾದ್ರೂ ಏನ್ ಮಾಡಾಕಾಗ್ತದೆ? ಮೂರು ದಿನದಿಂದ ಅನ್ನ ಸೇರ್ದಂಗೆ ಒದ್ದಾಡಿದ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಕಾಳಿಯಮ್ಮ ಬೇರೆ "ಪಾಪ, ನನ್ ಮಗ" ಎಂದು ಬೆನ್ನು ಸವರಿದಳು. ಇಬ್ಬರ ನಡುವೆ ಅವನು ವಿಜಯಿಯಾಗಿ, ಕಡು ದುಃಖದಲ್ಲಿ ಕೂತಿದ್ದ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಈ ಮನೆಯಲ್ಲಿ ಆ ಗುಟ್ಟು ಬಿಡಿಸಬಲ್ಲವನು ಅವನೊಬ್ಬನೇ.

"ವಾಣೀ," ಎಂದ. "ಆ ಗುಂಡಿ ಐತಲ್ಲ, ಅಲಗೆ ಮುಚ್ಚಿರಾದು."

"ಊಂ?"

"ಡಬ್ಬಿ ಆನ್ ಆದ್ರೆ ಅಲಗೆ ಮುಚ್ಚಿದಂಗೆ. ಆಫ್ ಆದ್ರೆ ತೆಗ್ದಂಗೆ. ನೀನು ಅಮಾಸೆಗೆ ಬಂದು ಬಂದು ಗುಂಡಿ ಒಳಗೆ ಇಟ್ಟೆ. ಸರಿಯಾಗೇ ಇಟ್ಟೆ. ನಿನ್ ತಪ್ಪಿಲ್ಲ. ಬ್ಯಾರೆ ದಿನ ಬಂದು ನಾನು ಅಲಗೆ ಮೇಲೆ ನಿಂತ್ಕಂಡು ಹುಡುಕ್ದೆ."

ಅವಳ ಮುಖ ಅರಳಿತು. "ಅಂಗಾರೆ ಗುಂಡೀಲೇ ಐತಾ? ತೆಗೀರಿ ಮತ್ತೆ!"

ಅವನು ಗುಂಡಿಯನ್ನೇ ನೋಡುತ್ತಿದ್ದ. "ಇವತ್ ಬೆಳಿಗ್ಗೆ ಗುಂಡಿಗೆ ಮಣ್ಣು ಸುರ್ದು ಮುಚ್ಚಿಬಿಟ್ಟೆ."

ಬೀದಿಯಲ್ಲಿ ಯಾರದೋ ಮಗ್ಗ ಆಡುತ್ತಿತ್ತು.

"ನೀವು ಯೇಳ್ದೆ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತಾ?" ಎಂದಳು ಅವಳು ಕೊನೆಗೆ.

"ಇಲ್ಲ."

"ಸರಿ." ಅವಳು ಖಾಲಿ ಲ್ಯಾಪ್‌ಟಾಪನ್ನು ಮಡಿಲಿಗೆಳೆದುಕೊಂಡು, ಮೊದಲ ಚೌಕ ತುಂಬಿಸಿದಳು. "ನಾನು ಮೊದಲಿಂದ ಬರೀತೀನಿ. ಮಗ್ಗದ ಮೇಲೆ ನಮ್ಗೆ ನೂಲು ಕೊಟ್ಟು ನೇಯ್ಸಾ ಗೋವಿಂದನ್ ಮುದಲಾಳಿ ಸೀರೆ ಐತೆ, ಸೆರಗು ಬಾಕಿ. ಅದೂ ಶುಕ್ರವಾರಕ್ಕೇ ಕೊಡ್ಬೇಕು. ಕೂತ್ಕಳಿ."

"ನಾನಾ? ವಾಣೀ, ನಾನು ಲಾಳಿ ಮುಟ್ಟಿ..."

"ಕೂತ್ಕಳಿ."

ಕೂತ. ಎದುರಿಗೆ ತಾಯಿ, ಪಕ್ಕದಲ್ಲಿ ಹೆಂಡತಿ. ಕಾಲು ಒಂದು ಹೇಳಿದರೆ ಕೈ ಇನ್ನೊಂದು ಮಾಡಿತು. ಲಾಳಿ ಹಾರಿ ಹೊರಗೆ ಬಿದ್ದು ಕಾಳಿಯಮ್ಮನ ಎಲೆ ಅಡಿಕೆ ತಟ್ಟೆಗೆ ಬಡಿಯಿತು. ಎಳೆ ಕಡಿದವು, ಗಂಟು ಹಾಕಿದ. ನವಿಲಿನ ಡಿಸೈನನ್ನು ತೂತು ತೂತಾಗಿ ಕೊರೆದ ರಟ್ಟುಗಳು ಒಮ್ಮೆ ಎರಡೆರಡು ತಿರುಗಿದವು, ಒಮ್ಮೆ ಹಿಂದಕ್ಕೇ ಹೋದವು. "ನೇಕಾರನ್ ಮಗ ಅಂತ ಯಾರ್ಗೂ ಯೇಳ್ಬೇಡ ಕಣಾ," ಎಂದು ಕಾಳಿಯಮ್ಮ ಗಂಟೆಗೊಮ್ಮೆ ಸಮಾಧಾನ ಹೇಳಿದಳು. ಕಲೈವಾಣಿ ತಲೆಯೆತ್ತಲಿಲ್ಲ. ಬಳ್ಳಿ ಮತ್ತೆ ಹಬ್ಬತೊಡಗಿತ್ತು. ಆದರೆ ಅವಸರದ ಬಳ್ಳಿ. ಎಲೆಯ ಮೇಲೆ ಎಲೆ, ಹೂವಿನ ಮೇಲೆ ಹೂವು.

ಶುಕ್ರವಾರ ಸಂಜೆ ಡಿಸೈನು ಹೋಯಿತು. ಸೀರೆಯೂ ಹೋಯಿತು. ಸೀರೆ ಬೇಗ ಹಿಂದಕ್ಕೆ ಬಂತು.

ಗೋವಿಂದನ್ ತಾನೇ ಹೊತ್ತುಕೊಂಡು ಬಂದು ಸೆರಗು ಹರಡಿದ. "ಶರವಣಾ, ಇದ್ರಲ್ಲಿ ನವಿಲು ಎಲ್ಲೈತೆ?"

"ಅಗಾ, ಇದೇ."

"ಇದರ ಕಾಲು ತಲೆ ಮ್ಯಾಲೈತಲ್ಲಪ್ಪಾ." ಅವನಿಗೆ ಸಿಟ್ಟಿಗಿಂತ ಮರುಕವೇ ಹೆಚ್ಚಿತ್ತು. "ಇದನ್ನ ಯಾರಿಗೆ ಮಾರ್ಲಿ? ನೀವೇ ಇಟ್ಕಳಿ. ಕೂಲೀಲಿ ಹಿಡ್ಕತೀನಿ."

ಸಂಘದ ಉತ್ತರ ಬಂದದ್ದು ತಡವಾಗಿ. ಕಲ್ಪನೆ ಚೆನ್ನಾಗಿದೆ, ಆದರೆ ತುಂಬ ಕಿಕ್ಕಿರಿದಿದೆ, ಆಯ್ಕೆ ಮಾಡಲಾಗಲಿಲ್ಲ. ಕಲೈವಾಣಿ ಎರಡು ಸಲ ಓದಿ, "ಮೊದಲಿನದ್ರಲ್ಲಿ ಜಾಗ ಬಿಟ್ಟಿದ್ದೆ," ಎಂದಷ್ಟೇ ಹೇಳಿದಳು. ಅಳಿಸಿದ್ದನ್ನು ಹೆಕ್ಕಿ ತೆಗೆಯುವ ಒಂದು ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಹಾಕಿ ಅವನು ದಿನಗಟ್ಟಲೆ ಹುಡುಕಿದ. ಹೆಸರಿಲ್ಲದ ನೂರಾರು ಚೂರುಗಳು ಸಿಕ್ಕವು. ಅದರಲ್ಲೊಂದು ಅರ್ಧ ಕಾಫಿ ಹೂವು. ಸುತ್ತಲೂ ಬೇಕಾದಷ್ಟು ಜಾಗ ಬಿಟ್ಟಿತ್ತು. ಅವಳಿಗೆ ತೋರಿಸಲು ಅವನಿಗೆ ಧೈರ್ಯ ಬರಲಿಲ್ಲ.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ನಂಗವಳ್ಳಿಯಲ್ಲಿ ನೆಂಟರ ಮದುವೆ ಬಂತು. ಕಲೈವಾಣಿ ಸಿದ್ಧಳಾಗಿ ಒಳಗಿನಿಂದ ಹೊರಗೆ ಬಂದಳು. ಅವನು ನೇಯ್ದ ಆ ನವಿಲಿನ ಸೀರೆಯನ್ನೇ ಉಟ್ಟಿದ್ದಳು. ಸೆರಗನ್ನು ಮಡಿಸದೆ, ಉದ್ದಕ್ಕೂ ಬಿಟ್ಟಿದ್ದಳು.

"ಬ್ಯಾರೆ ಇರ್ಲಿಲ್ವಾ?" ಎಂದ.

"ಇದು ಒಸದು," ಎಂದಳು.

ಊಟಕ್ಕೆ ಗಂಡಸರ ಪಂಕ್ತಿಯೂ ಹೆಂಗಸರ ಪಂಕ್ತಿಯೂ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದವು. ಅವನ ಬೆನ್ನ ಹಿಂದೆಯೇ ಕಲೈವಾಣಿ. ಅವಳ ಪಕ್ಕದಲ್ಲಿ ದೂರದ ನಾದಿನಿ ಪೂಂಗೊಡಿ. ಅನ್ನದ ಮೇಲೆ ಸಾಂಬಾರು ಬೀಳುವ ಹೊತ್ತಿಗೆ ಪೂಂಗೊಡಿಯ ಕಣ್ಣು ಸೆರಗಿನ ಮೇಲೆ ಬಿತ್ತು.

"ಇದೇನಕ್ಕಾ, ನವಿಲು ತಲೆಕೆಳಗಾಗಿ ನಿಂತೈತೆ? ಒಸಾ ಡಿಸೈನಾ?"

"ನಮ್ಮನೇವ್ರು ನೇಯ್ದಿದ್ದು."

"ಅಣ್ಣನಾ? ಅವ್ರಿಗೆ ನೇಯಾಕೆ ಬತ್ತದಾ?"

"ಬರಕಿಲ್ಲ."

"ಅಯ್ಯ, ಮತ್ಯಾಕೆ ಇದನ್ನ ಉಟ್ಕಂಡು ಮದುವೆಗೆ ಬಂದೆ?"

ಶರವಣಕುಮಾರ್ ಕೈಯಲ್ಲಿ ತುತ್ತು ಹಿಡಿದು ಹಾಗೆಯೇ ಕೂತ.

"ಬರಕಿಲ್ಲ ಅಂತ ಗೊತ್ತಿದ್ರೂ ಕೂತು ನೇಯ್ದವ್ರೆ ಕಣೆ. ಅದಕ್ಕೆ," ಎಂದಳು ಕಲೈವಾಣಿ.

ಅರ್ಧ ವರ್ಷದಲ್ಲಿ ಮೊದಲ ಸಲ ಅವನ ಎದೆಯೊಳಗೆ ಏನೋ ಬೆಚ್ಚಗಾಯಿತು. ಆ ತುತ್ತು ರುಚಿಯಾಗಿತ್ತು. ಸಾಂಬಾರಿನವನನ್ನು ಕರೆದು ಇನ್ನಷ್ಟು ಹಾಕಿಸಿಕೊಳ್ಳೋಣವೆಂದು ಅವನು ಕೈಯೆತ್ತುವಷ್ಟರಲ್ಲಿ ಪೂಂಗೊಡಿ ಮತ್ತೆ ಕೇಳಿದಳು.

"ಅಂಗಾರೆ ಅಣ್ಣಂಗೆ ಬರಾದೇನು?"

ಕಲೈವಾಣಿ ಸ್ವಲ್ಪ ಯೋಚಿಸಿದಳು. ಅವಳು ಸುಳ್ಳು ಹೇಳುವವಳಲ್ಲ.

"ಕಂಪ್ಯೂಟರ್ ಕ್ಲೀನ್ ಮಾಡ್ತಾರೆ," ಎಂದಳು. "ಸುಮ್ನೆ ಯೇಳ್ಬಾರ್ದು, ಬಲು ಚೆಂದಾಗಿ ಮಾಡ್ತಾರೆ. ಒಂದು ಚೂರೂ ಉಳ್ಯಾಕಿಲ್ಲ."

"ಅಪ್ಪಡಿಯಾ, ಅಂಗಾ! ನಮ್ಮನೇಲೂ ಒಂದೈತೆ ಅಕ್ಕಾ, ಮದುವೆ ಫೋಟೋ ಎಲ್ಲಾ ಅದರೊಳಗೇ ಅವೆ. ಊಟ ಆದ್ಮೇಲೆ ಒಂದ್ಸಲ ಬಂದು ನೋಡಾಕೆ ಯೇಳು."

ಪಾಯಸದ ಬಕೆಟ್ಟು ಆ ಸಾಲಿನ ತುದಿಗೆ ಬಂದಿತ್ತು. ಶರವಣಕುಮಾರ್ ಅದಕ್ಕೆ ಕಾಯದೆ, ಪೂಂಗೊಡಿ ಇತ್ತ ತಿರುಗುವ ಮೊದಲೇ ಎಲೆ ಮಡಚಿ ಎದ್ದ.